ಹೊರಗಿನಿಂದ ಬಂದವರ ಮನೆ

ಬಣ್ಣದ ಮನೆ, ಕೆಳಗಿನ ಬೀದಿ
ತಾ. ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಕಾಲಿನ ನೋವು ಇಳಿಯಿತೇ? ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರು ಕುಡಿಯುವ ಅಭ್ಯಾಸ ಅಲ್ಲಿ ದೊಡ್ಡ ಮಗನ ಮನೆಯಲ್ಲಿಯೂ ನಡೆಯುತ್ತಿದೆಯೇ, ಇಲ್ಲಾ ಕೇಳುವುದಕ್ಕೆ ಸಂಕೋಚಪಟ್ಟುಕೊಂಡು ಸುಮ್ಮನಿದ್ದೀರಾ? ನೀವು ಯಾರ ಹತ್ತಿರವೂ ಏನನ್ನೂ ಕೇಳುವವರಲ್ಲ ಎಂದು ನನಗೆ ಗೊತ್ತು. ನನ್ನ ಹತ್ತಿರ ಮಾತ್ರ ಕೇಳುತ್ತಿದ್ದಿರಿ, ಅದೂ ಬೈದುಕೊಂಡು. ಅಕ್ಷರ ಇಷ್ಟು ದಪ್ಪಗೆ ಬರೆದಿರುವುದು ನಿಮ್ಮ ಕನ್ನಡಕದ ಒಂದು ಗಾಜು ಒಡೆದಿದೆ ಎಂದು ಕೇಳಿ. ಫೋನಿನಲ್ಲಿ ಹೇಳೋಣವೆಂದರೆ ಅದು ಯಾವಾಗಲೂ ಭಾವನ ಕೈಯಲ್ಲಿರುತ್ತದೆ, ನಿಮಗೂ ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ಕಾಗದ. ನಿಮ್ಮ ಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಾಳಲ್ಲ, ನಮ್ಮ ಎದುರುಮನೆಯವರ ಮಗಳು, ಅವಳು ರಜೆಗೆಂದು ನಿನ್ನೆ ಬಂದಿದ್ದಾಳೆ. ಸಂಜೆಯ ಬಸ್ಸಿಗೆ ವಾಪಸು ಹೊರಡುತ್ತಾಳೆ. ಇದನ್ನು ನಿಮ್ಮ ಕೈಗೇ ಕೊಡು, ಇನ್ನಾರ ಕೈಗೂ ಬೇಡ ಎಂದು ಹೇಳಿದ್ದೇನೆ.

ಅವಳು ಬೆಳಿಗ್ಗೆ ಬಂದು ಹೇಳಿದ ಮಾತು ಕೇಳಿ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ. ನಮ್ಮ ಮನೆಯ ಹಿಂದಿನ ಗೋಡೆ ಬಿದ್ದುಹೋಗಿದೆಯಂತೆ, ನಾವಿಬ್ಬರೂ ಬಾಡಿಗೆ ಮನೆಗೆ ಹೋಗಿದ್ದೇವಂತೆ, ಇನ್ನು ಅಲ್ಲಿ ಉಳಿದಿರುವುದು ಮಣ್ಣಿನ ಗುಡ್ಡೆಯಂತೆ. ಹೀಗೆಂದು ಭಾವ ನಿಮಗೆ ಹೇಳಿದ್ದಾರಂತೆ. ಅಂದಿನಿಂದ ನೀವು ಸರಿಯಾಗಿ ಊಟ ಮಾಡಿಲ್ಲವಂತೆ. ಅತ್ತೆ, ಮನೆ ಬಿದ್ದಿಲ್ಲ. ಹಿಂದಿನ ಗೋಡೆಗೆ ಬೆನ್ನು ಆನಿಸಿಕೊಂಡೇ ಈ ಕಾಗದ ಬರೆಯುತ್ತಿದ್ದೇನೆ. ಹೆಂಚು ಒಂದೂ ಜಾರಿಲ್ಲ. ನೂಲು ಅದ್ದುವ ನಿಮ್ಮ ನೀಲಿಯ ಬಾನಿಯೂ ಹುಳಿ ಆರಿ ಸತ್ತಿಲ್ಲ. ನೀವು ಹೋದ ಈ ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಅದರ ಮುಚ್ಚಳ ತೆಗೆದು, ಕೋಲಾಡಿಸಿ, ತೌಡು ಉಣಿಸಿ, ಕಂಬಳಿ ಹೊದಿಸಿದ್ದೇನೆ. ಮೊನ್ನೆ ಅದ್ದಿದ ನೂಲಿನ ಲಡಿ ಹಸಿರಾಗಿ ಮೇಲೆದ್ದು, ಗಾಳಿ ತಾಗಿದ ಮೇಲೆ ನೀವು ಹೇಳುತ್ತಿದ್ದ ಆ ಕಡುನೀಲಿಗೇ ತಿರುಗಿತು. ನೀವಿದ್ದಿದ್ದರೆ ಬೆಳಕಿಗೆ ಹಿಡಿದು, ಮೂಗು ಮುರಿದು, "ಪರವಾಗಿಲ್ಲ" ಅನ್ನುತ್ತಿದ್ದಿರಿ. ಇಪ್ಪತ್ತಾರು ವರ್ಷದಲ್ಲಿ ನಿಮ್ಮ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಬೇಕಾಗಿಯೂ ಇಲ್ಲ.

ಈಗ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಮಂಗಳವಾರ ಹತ್ತು ಗಂಟೆಯ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ಭಾವ ಇಳಿದರು. ಅವರ ಜೊತೆ ಒಬ್ಬರು ವ್ಯಾಪಾರಿ, ಅವರ ಜೊತೆ ಅಳತೆಯ ಟೇಪು ಹಿಡಿದ ಒಬ್ಬ ಇಂಜಿನಿಯರ್. ನನಗೆ ಮೊದಲೇ ಒಂದು ಮಾತು ಹೇಳಿರಲಿಲ್ಲ. ಕೈಯೆಲ್ಲ ನೀಲಿಯಾಗಿ ಅಂಗಳದಿಂದ ಬಂದು ನೋಡುವಷ್ಟರಲ್ಲಿ ಮುಂದಿನ ಕೋಣೆಯ ಅಳತೆ ನಡೆಯುತ್ತಿತ್ತು, ಟೇಪಿನ ಇನ್ನೊಂದು ತುದಿಯನ್ನು ಹಿಡಿದು ನಿಂತಿದ್ದವರು ಯಾರು ಎಂದುಕೊಂಡಿರಿ? ನಿಮ್ಮ ಚಿಕ್ಕ ಮಗ. ಅವರ ಸ್ವಭಾವ ನಿಮಗೆ ಗೊತ್ತೇ ಇದೆ. ವಿದ್ಯುತ್ ಕಂಬ ಹತ್ತಿ ಸಾವಿರ ವೋಲ್ಟಿನ ತಂತಿ ಮುಟ್ಟುವುದಕ್ಕೆ ಹೆದರದ ಮನುಷ್ಯ, ಅಣ್ಣ ಎದುರಿಗೆ ಬಂದರೆ ಕೈ ಕಟ್ಟಿ ನಿಲ್ಲುತ್ತಾರೆ. ಅಣ್ಣ ಹಿಡಿ ಎಂದರು, ಇವರು ಹಿಡಿದರು. ನಾನು ಕಣ್ಣಲ್ಲೇ ಕೇಳಿದೆ, ಇವರು ಕಣ್ಣಲ್ಲೇ 'ನೋಡೋಣ ಇರು' ಎಂದರು. ಮದುವೆಯಾದಾಗಿನಿಂದ ನೋಡೋಣ ಎನ್ನುತ್ತಿದ್ದಾರೆ, ಪುಣ್ಯಾತ್ಮ.

ಅಳೆಯುವವನ ಪಾಡು ಹೇಳಿದರೆ ನಗುತ್ತೀರಿ. ಮುಂದಿನ ಕೋಣೆಯಿಂದ ನಡುಮನೆಗೆ ಕಾಲಿಡುವಾಗ ಎಡವಿದ. ನಡುಮನೆಯಿಂದ ಅಡುಗೆಮನೆಗೆ ಇಳಿಯುವಾಗ ಮುಗ್ಗರಿಸಿದ. "ಏನ್ ಸಾರ್ ಇದು, ಒಂದು ಕೋಣೆ ಇದ್ದ ಹಾಗೆ ಇನ್ನೊಂದಿಲ್ಲ, ಐದು ಕೋಣೆಗೆ ಐದು ಮಟ್ಟ!" ಎಂದು ಗೊಣಗಿದ. ಆಗ ಭಾವ ನಕ್ಕು ಆ ವ್ಯಾಪಾರಿಗೆ ಮನೆಯ ಚರಿತ್ರೆ ಹೇಳಲು ಶುರುಮಾಡಿದರು. ತಮ್ಮ ಅಜ್ಜ ದೊಡ್ಡ ಬಣ್ಣಗಾರರಂತೆ, ಸುತ್ತಮುತ್ತಲಲ್ಲೆಲ್ಲ ಹೆಸರುವಾಸಿಯಂತೆ, ಈ ಮನೆಯನ್ನು ಸ್ವಂತ ದುಡಿಮೆಯಲ್ಲಿ ಕಟ್ಟಿಸಿದರಂತೆ. ಆದರೆ ಹಳೆಯ ಕಾಲದವರಿಗೆ ನಕ್ಷೆ ಗಿಕ್ಷೆ ಗೊತ್ತಿರಲಿಲ್ಲ, ಅದಕ್ಕೆ ಹೀಗೆ ಅಡ್ಡಾದಿಡ್ಡಿ, ಹೇಗಿದ್ದರೂ ಕೆಡವುವುದೇ ಅಲ್ಲವೇ ಎಂದರು. ಅಮ್ಮ ಬಿದ್ದು ಸೊಂಟ ಮುರಿದುಕೊಂಡದ್ದೂ ಇಂಥದೇ ಒಂದು ಮೆಟ್ಟಿಲಲ್ಲಿ ಎಂದು ಸೇರಿಸಿದರು.

ಅಲ್ಲಿಯವರೆಗೂ ನಾನು ಹಲ್ಲು ಕಚ್ಚಿಕೊಂಡಿದ್ದೆ. ಆ ಕೊನೆಯ ಮಾತು ಮಾತ್ರ ನನ್ನನ್ನೇ ಚುಚ್ಚಿತು. ನೀವು ಯಾಕೆ ಬಿದ್ದಿರೆಂದು ನನಗೂ ನಿಮಗೂ ಮಾತ್ರ ಗೊತ್ತು. ಅಂದು ಬೆಳಿಗ್ಗೆ "ಎಪ್ಪತ್ತನಾಲ್ಕು ವರ್ಷ ಆಯ್ತು, ನಿಮ್ಮ ಕೈಲಿ ಆಗಲ್ಲ, ಬದಿಗೆ ಸರೀರಿ" ಎಂದು ನಾನು ಅಂದಿದ್ದೆ. ನಿಮ್ಮ ಹಟ ನನಗೆ ಗೊತ್ತಿಲ್ಲವೇ? ಆಗುತ್ತದೆಂದು ತೋರಿಸುವುದಕ್ಕೇ ಒದ್ದೆ ನೂಲಿನ ಹೊರೆ ಹೊತ್ತುಕೊಂಡು ಅಂಗಳಕ್ಕೆ ಇಳಿದಿರಿ. ಐವತ್ತಮೂರು ವರ್ಷ ಕಣ್ಣು ಮುಚ್ಚಿಕೊಂಡು ಇಳಿದ ಮೆಟ್ಟಿಲು. ಬೀಳಿಸಿದ್ದು ಮೆಟ್ಟಿಲಲ್ಲ ಅತ್ತೆ, ನನ್ನ ಮಾತು. ಆಮೇಲೆ ಭಾವ ಬಂದು ನಿಮ್ಮನ್ನು ಕರೆದುಕೊಂಡು ಹೋಗುವಾಗ, ಅಲ್ಲಿ ಆಸ್ಪತ್ರೆ ಹತ್ತಿರ, ಹೋಗಿಬರಲಿ ಎಂದು ಬಾಗಿಲಲ್ಲಿ ನಿಂತೆನೇ ಹೊರತು ಬೇಡ ಅನ್ನಲಿಲ್ಲ. ನೀವು ಕಾರಿನ ಕಿಟಕಿಯಿಂದ ತಿರುಗಿ ನೋಡಿದಿರಿ. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದೇ ಸಿಟ್ಟೋ, ಅದೇ ಸಂಕಟವೋ, ಬಾಯಿ ತೆರೆದೆ. "ಭಾವ, ಈ ಮನೆ ಅಜ್ಜ ಕಟ್ಟಿಸಿದ್ದಲ್ಲ" ಎಂದೆ. ಎಲ್ಲರೂ ತಿರುಗಿದರು. ಒಮ್ಮೆ ಶುರುವಾದ ಮೇಲೆ ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಬಾನಿಯ ಪಕ್ಕ ಕೂತು ನೀವು ನನಗೆ ಹೇಳಿದ್ದನ್ನೆಲ್ಲ ಆ ನಾಲ್ವರು ಗಂಡಸರ ಮುಂದೆ ಹೇಳಿದೆ. ತಪ್ಪಿದ್ದರೆ ತಿದ್ದಿ. ಅಜ್ಜಿ ಹದಿನೇಳು ವರ್ಷಕ್ಕೆ ಈ ಊರಿಗೆ ಸೊಸೆಯಾಗಿ ಬಂದರು. ಅಜ್ಜನಿಗೆ ಬಣ್ಣದ ಹಬೆ ಎದೆಗೆ ಹತ್ತಿ, ಎರಡನೆಯ ಮಗು ಹುಟ್ಟುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಆಗ ಅವರಿದ್ದ ಮನೆಯ ಒಡೆಯ ಕೆಲಸ ಮಾಡದ ಬಣ್ಣಗಾರರನ್ನು ಇಟ್ಟುಕೊಳ್ಳುವುದಿಲ್ಲವೆಂದು ಸಾಮಾನು ಬೀದಿಗೆ ಹಾಕಿದ. ಅಜ್ಜಿ ಹಳ್ಳದ ಪಕ್ಕದ ಈ ಜಾಗ ಕೊಂಡರು. ನೀರು ನುಗ್ಗುತ್ತದೆಂದು ಯಾರಿಗೂ ಬೇಡವಾಗಿದ್ದ ಜಾಗ. ಬಣ್ಣಕ್ಕೆ ನೀರು ಬೇಕು, ಅವರಿಗೆ ಅದೇ ಸಾಕಾಯಿತು. ಮೊದಲ ವರ್ಷ ಬಾನಿಗಳ ಮೇಲೊಂದು ಚಪ್ಪರ, ಅಷ್ಟೇ. ರೋಗಿ ಗಂಡ, ಇಬ್ಬರು ಮಕ್ಕಳು, ಅಜ್ಜಿ, ಎಲ್ಲರೂ ಬಾನಿಗಳ ನಡುವೆಯೇ ಮಲಗಿದರು. ಎರಡನೆಯ ವರ್ಷ ಅಡುಗೆಮನೆ. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಹೆಂಗಸರ ಬಟ್ಟೆಗೆಲ್ಲ ಬಣ್ಣ ಹಾಕಿಕೊಟ್ಟು, ಬದಲಿಗೆ ಯಾರೂ ಕೊಳ್ಳದ ಸೊಟ್ಟ ಇಟ್ಟಿಗೆ ಹೊತ್ತು ತಂದರು. ಗಾರೆಯವನು ಮೂಲೆಗಳನ್ನಷ್ಟೇ ಎಬ್ಬಿಸಿ ಹೋದ. ನಡುವಿನ ಗೋಡೆಯನ್ನು ದಿನದ ಕೆಲಸ ಮುಗಿದ ಮೇಲೆ, ಬೆಳಕಿರುವವರೆಗೆ ಅಜ್ಜಿ ತಾವೇ ಕಟ್ಟಿದರು. ಆ ವರ್ಷ ಹಳ್ಳದ ನೀರು ಎಲ್ಲಿಯವರೆಗೆ ಬಂತೋ ಗುರುತು ಇಟ್ಟುಕೊಂಡು, ಮರುವರ್ಷ ಕಟ್ಟಿದ ಕೋಣೆಯನ್ನು ಅದಕ್ಕಿಂತ ಒಂದು ಗೇಣು ಎತ್ತರಿಸಿದರು. ಅದರ ಮುಂದಿನ ವರ್ಷ ನೀರು ಮತ್ತೂ ಏರಿತು, ಆಮೇಲೆ ಕಟ್ಟಿದ ಕೋಣೆಯೂ ಏರಿತು. ಐದು ಕೋಣೆಗೆ ಐದು ಮಟ್ಟ ಬಂದದ್ದು ನಕ್ಷೆ ಗೊತ್ತಿಲ್ಲದೆ ಅಲ್ಲ. ಒಬ್ಬ ಹೆಂಗಸು ಐದು ವರ್ಷ ಹಳ್ಳದ ಜೊತೆ ಜಗಳ ಆಡಿದ್ದಕ್ಕೆ. "ನೀವು ಎಡವಿದ್ದು ಮೆಟ್ಟಿಲಿಗಲ್ಲ ಸ್ವಾಮಿ, ಅಜ್ಜಿಯ ಹಟಕ್ಕೆ" ಎಂದೆ ಇಂಜಿನಿಯರನಿಗೆ. ಅವನು ಪಾಪ, ಮಂಡಿ ಉಜ್ಜಿಕೊಳ್ಳುತ್ತಾ ಹೌದೆಂದು ತಲೆ ಆಡಿಸಿದ.

ಭಾವ ಬಿಡುವವರೇ? "ಅಜ್ಜನೇ ನನಗೆ ಹೇಳಿದ್ದಾರೆ, ತೊಡೆ ಮೇಲೆ ಕೂರಿಸ್ಕೊಂಡು ಹೇಳಿದ್ದಾರೆ, ನಾನೇ ಕಟ್ಟಿದ್ದು ಅಂತ" ಎಂದರು. ಸುಳ್ಳಲ್ಲ ಅದು. ಅಜ್ಜ ಕಿಟಕಿಯ ಪಕ್ಕ ಹಾಸಿಗೆಯಲ್ಲಿ ಒರಗಿಕೊಂಡು ಬಂದವರಿಗೆಲ್ಲ ಹಾಗೇ ಹೇಳುತ್ತಿದ್ದರೆಂದು ನೀವೂ ಹೇಳಿದ್ದೀರಿ. ಹೊಸ ಸೊಸೆ ನೀವು, ತಡೆಯಲಾರದೆ ಅಜ್ಜಿಯನ್ನೇ ಕೇಳಿದ್ದಿರಂತೆ, ಯಾಕೆ ಸುಮ್ಮನಿದ್ದೀರಿ ಎಂದು. ಅಜ್ಜಿ ಬಣ್ಣ ಮೆತ್ತಿದ ಕೈ ಒರೆಸಿಕೊಳ್ಳುತ್ತಾ, "ಅವರಿಗೆ ಉಳಿದಿರೋದು ಬಾಯೊಂದೇ ಕಣೇ. ಅದನ್ನೂ ಕಿತ್ಕೊಳ್ಲಾ?" ಅಂದರಂತೆ. ಅದನ್ನೂ ಭಾವನಿಗೆ ಹೇಳಿದೆ. ಅಜ್ಜಿ ಪ್ರೀತಿಯಿಂದ ಬಿಟ್ಟುಕೊಟ್ಟ ಮಾತನ್ನು ಮೊಮ್ಮಗ ಮನೆ ಕೆಡವಲು ಹಿಡಿದುಕೊಂಡಿದ್ದಾರಲ್ಲ! ಅಜ್ಜಿಯಷ್ಟು ದೊಡ್ಡ ಮನಸ್ಸು ನನಗಿಲ್ಲ ಅತ್ತೆ. ನಾನು ಬಿಟ್ಟುಕೊಡುವುದಿಲ್ಲ.

ಮನೆಯ ಕಥೆ ಅಲ್ಲಿಗೇ ಮುಗಿಯಲಿಲ್ಲವಲ್ಲ. ನಿಮ್ಮ ಪಾಲಿನದನ್ನೂ ಹೇಳಿದೆ. ಆ ದೊಡ್ಡ ನೆರೆಯಲ್ಲಿ ಕೆಳಗಿನ ಬೀದಿಯ ನಲವತ್ತು ಜನ ನಮ್ಮ ನೂಲು ಒಣಗಿಸುವ ಅಟ್ಟದ ಮೇಲೆ ಒಂಬತ್ತು ದಿನ ಇದ್ದದ್ದು, ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಇನ್ನೊಂದಿಲ್ಲವೆಂದು ನೀವು ಕೆಂಪು ಬೇರಿನ ಬಣ್ಣ ಕುದಿಸುವ ಹಂಡೆಯನ್ನೇ ಮೂರು ಸಲ ತಿಕ್ಕಿ ತೊಳೆದು ಗಂಜಿ ಮಾಡಿದ್ದು, ಅದು ಒಂಬತ್ತು ದಿನವೂ ಗುಲಾಬಿ ಬಣ್ಣಕ್ಕೇ ಬೆಂದದ್ದು, ನೀರಿಳಿದ ಮೇಲೂ ಎಷ್ಟೋ ಮಕ್ಕಳು ಬಿಳಿ ಗಂಜಿ ಕಂಡರೆ ಇದು ಬೆಂದಿಲ್ಲ ಎಂದು ಅಳುತ್ತಿದ್ದದ್ದು. ಆ ವ್ಯಾಪಾರಿ ಗೊಳ್ಳೆಂದು ನಕ್ಕುಬಿಟ್ಟರು. ಆಮೇಲೆ ಗಿರಣಿಯ ನೂಲು ಬಂದು ಊರಿನ ಬಣ್ಣದ ಮನೆಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿದಾಗ, ಮಾವ ಗಿರಣಿಯ ಕಾವಲಿಗೆ ಹೋದಾಗ, "ಒಂದು ಬಾನಿ ಮಾತ್ರ ಉಳಿಸ್ಕೊಳ್ತೀನಿ, ಅದನ್ನ ಮುಟ್ಟಬೇಡಿ" ಎಂದು ನೀವು ಹಟ ಹಿಡಿದದ್ದನ್ನೂ ಹೇಳಿದೆ. ಇವತ್ತು ದೂರದ ಊರಿನ ನೇಯ್ಗೆಯವರು ಹುಡುಕಿಕೊಂಡು ಬಂದು ನೂಲು ಕೊಟ್ಟು ಹೋಗುತ್ತಿರುವುದು ಆ ಒಂದು ಬಾನಿಗಾಗಿ.

ಆಗ ಭಾವನ ಮುಖ ಕೆಂಪಾಯಿತು. "ನೋಡಮ್ಮಾ, ನೀನು ಹೊರಗಿನಿಂದ ಬಂದವಳು. ಈ ಮನೆ ವಿಷಯ ನಿನಗೇನು ಗೊತ್ತು? ಹುಟ್ಟಿದವರು ನಾವು ಮಾತಾಡ್ತೀವಿ" ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ಹೌದು ಭಾವ, ಹೊರಗಿನಿಂದ ಬಂದವಳೇ. ಅಜ್ಜಿನೂ ಹೊರಗಿನಿಂದ ಬಂದವರೇ. ಅತ್ತೆನೂ ಹೊರಗಿನಿಂದ ಬಂದವರೇ. ಈ ಮನೆ ಕಟ್ಟಿದ್ದು, ಕಾಯ್ದಿದ್ದು ಎಲ್ಲ ಹೊರಗಿನಿಂದ ಬಂದವರೇ. ಒಳಗೆ ಹುಟ್ಟಿದವರು ಇವತ್ತು ಟೇಪು ಹಿಡ್ಕೊಂಡು ನಿಂತಿದ್ದೀರಿ" ಎಂದೆ.

ಆ ಮಾತು ಭಾವನಿಗೆ ಹೇಳಿದ್ದು. ಆದರೆ ನಾಟಿದ್ದು ಇನ್ನೊಬ್ಬರಿಗೆ. ನಿಮ್ಮ ಚಿಕ್ಕ ಮಗ ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು. ಟೇಪಿನ ತುದಿ ಇನ್ನೂ ಅವರ ಬೆರಳಲ್ಲಿತ್ತು. ಮೆಲ್ಲಗೆ ಬಿಟ್ಟುಬಿಟ್ಟರು. ಟೇಪು ಸರ್ರನೆ ನೆಲದ ಮೇಲೆ ಹಾವಿನ ಹಾಗೆ ಓಡಿ ಡಬ್ಬಿಯೊಳಗೆ ಸೇರಿಕೊಂಡಿತು. "ಅಣ್ಣಾ, ಸಾಕು" ಎಂದರು, ಎರಡೇ ಮಾತು. ನನಗೆ ಅಲ್ಲೇ ಅಳು ಬಂತು, ಆದರೆ ಆ ಹೊತ್ತಿನಲ್ಲಿ ಅತ್ತರೆ ಗೆದ್ದದ್ದೆಲ್ಲ ಹೋಗುತ್ತದೆಂದು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕುಡಿಯಲು ನೀರು ತಂದೆ.

ವ್ಯಾಪಾರಿ ಕೆಟ್ಟ ಮನುಷ್ಯ ಅಲ್ಲ. ನೀರು ಕುಡಿದು, "ಮನೆ ಯಾರ ಹೆಸರಲ್ಲಿದೆ?" ಎಂದು ಕೇಳಿದರು. ಭಾವ, "ಅಮ್ಮನ ಹೆಸರಲ್ಲಿ, ಅಮ್ಮ ಒಪ್ಪಿದ್ದಾರೆ" ಎಂದರು. ಅಷ್ಟು ಹೊತ್ತು ಗಟ್ಟಿಯಾಗಿ ಮಾತಾಡಿದವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಿಜವಿದ್ದರೂ ಇರಬಹುದು, ನನ್ನ ಮೇಲಿನ ಸಿಟ್ಟಿಗೆ ಒಪ್ಪಿದ್ದರೂ ಒಪ್ಪಿರಬಹುದು ಎಂದು ನಾಲ್ಕು ದಿನ ಅನ್ನ ಸೇರಲಿಲ್ಲ. ಇವತ್ತು ಎದುರುಮನೆಯ ಹುಡುಗಿ ಬಂದು ಹೇಳಿದ ಮೇಲೆ ಗೊತ್ತಾಯಿತು, ಬಿದ್ದ ಮನೆಯ ಮಣ್ಣಿಗೆ ನೀವು ತಲೆಯಾಡಿಸಿದ್ದೀರಿ, ನಿಂತ ಮನೆಗೆ ಅಲ್ಲ ಎಂದು.

ಭಾವನ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ. ಅರ್ಥವೇ ಆಗುವುದಿಲ್ಲ ಎಂದಲ್ಲ. ಅವರು ಹೊರಡುವಾಗ ಒಮ್ಮೆ ಹಿಂದಿನ ಅಂಗಳಕ್ಕೆ ಹೋಗಿ ನಿಂತರು. ಕೈ ಎರಡೂ ಜೇಬಿನಲ್ಲಿ. ಶಾಲೆಗೆ ಹೋಗುವ ಕಾಲದಲ್ಲಿ ಬಣ್ಣ ಮೆತ್ತಿದ ಕೈ ಕಂಡು ಹುಡುಗರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ, ಅಂದಿನಿಂದ ಅವನು ಜೇಬಿನಿಂದ ಕೈ ತೆಗೆದದ್ದೇ ಕಡಿಮೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಐವತ್ತು ದಾಟಿದರೂ ಆ ಮಗುವಿನ ನಾಚಿಕೆ ಇನ್ನೂ ಅವರ ಜೇಬಿನಲ್ಲೇ ಇದೆ. ನಾನು ಹೋಗಿ, "ಭಾವ, ಊಟ ಮಾಡ್ಕೊಂಡು ಹೋಗಿ" ಎಂದೆ. ಮನಸ್ಸಿಲ್ಲದೆ ಕರೆದದ್ದಲ್ಲ. ಅವರು ಬೇಡವೆಂದು ತಲೆಯಾಡಿಸಿ ಹೊರಟುಹೋದರು.

ಗುರುವಾರ ನಿಮ್ಮ ಮಗ ರಜೆ ಹಾಕಿದರು. ಯಾಕೆ ಎಂದರೆ, "ನಡಿ, ಮನೆ ಪತ್ರ ನೋಡ್ಕೊಂಡು ಬರೋಣ" ಎಂದರು. 'ನೋಡೋಣ' ಎನ್ನುವವರು ಕೊನೆಗೂ ನೋಡಲು ಹೊರಟರು! ನೋಂದಣಿ ಕಚೇರಿಯ ಗುಮಾಸ್ತೆ ಹಳೆಯ ಪುಸ್ತಕಗಳ ನಡುವೆ ಒಂದು ಗಂಟೆ ಹುಡುಕಿ, ಧೂಳು ಕೊಡವಿ ತೆರೆದಳು. ಜಾಗ ಕೊಂಡವರು ಯಾರು ಎನ್ನುವ ಕಡೆ ಅಜ್ಜಿಯ ಹೆಸರಿದೆ. 'ಇಂಥವರ ಹೆಂಡತಿ' ಎಂದು ಅಚ್ಚಾಗಿದ್ದ ಜಾಗದಲ್ಲಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಬಣ್ಣಗಾರ್ತಿ' ಎಂದು ಕೈಯಲ್ಲಿ ಬರೆದಿದೆ. ಆ ಪುಟದ ಎಲ್ಲ ಹೆಬ್ಬೆಟ್ಟುಗಳೂ ಕಪ್ಪು, ಅಜ್ಜಿಯದು ಮಾತ್ರ ನೀಲಿ. ಗುಮಾಸ್ತೆ ಬೆರಗಾಗಿ, "ಇವರಿಗೆ ಶಾಯಿ ಡಬ್ಬಿ ಬೇಕಾಗೇ ಇಲ್ಲ ಅನ್ಸುತ್ತೆ" ಎಂದಳು. ನಿಮ್ಮ ಮಗ ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳನ್ನು ಇಟ್ಟು ನೋಡಿದರು. ಅಜ್ಜಿ ಆ ಮನೆಯನ್ನು ಮಗನಿಗೆ ಬರೆಯದೆ ಸೊಸೆಗೆ, ನಿಮಗೆ, ಬರೆದಿಟ್ಟ ಪತ್ರವೂ ಅಲ್ಲೇ ಇದೆ. ಎರಡರ ನಕಲುಗಳೂ ಈಗ ನನ್ನ ಹತ್ತಿರ ಇವೆ. ಮನೆಯ ಚರಿತ್ರೆ ಯಾರಾದರೂ ಕೇಳಿದರೆ ಇನ್ನು ಮೇಲೆ ನಾನು ಬಾಯಿ ನೋಯಿಸಿಕೊಳ್ಳುವುದಿಲ್ಲ, ಆ ಪುಟ ತೋರಿಸುತ್ತೇನೆ.

ಅತ್ತೆ, ನಾನು ಈ ಮನೆ ನನಗೆ ಬೇಕೆಂದು ಹೋರಾಡುತ್ತಿಲ್ಲ. ಮಾರಲೇಬೇಕೆಂದು ನಿಮಗೇ ಅನಿಸಿದರೆ, ಇಲ್ಲಿಗೆ ಬಂದು ಕಣ್ಣಾರೆ ನೋಡಿ, ಗೋಡೆ ಮುಟ್ಟಿ, ಆಮೇಲೆ ಮಾರಿ. ನಾನು ಒಂದು ಮಾತೂ ಆಡುವುದಿಲ್ಲ. ಆಡುತ್ತೇನೆ, ಆದರೆ ನಿಮಗೆ ಕೇಳಿಸದ ಹಾಗೆ. ಆದರೆ ಸುಳ್ಳು ಹೇಳಿಸಿಕೊಂಡು, ಬಿದ್ದುಹೋಯಿತೆಂದು ಅತ್ತುಕೊಂಡು, ಕಾಣದ ಊರಿನಲ್ಲಿ ಕೂತು ನೀವು ಇದನ್ನು ಕೈಬಿಡಲು ನಾನು ಬಿಡುವುದಿಲ್ಲ. ಯಾರು ಬೇಕಾದರೂ ನನ್ನನ್ನು ಬಜಾರಿ ಎನ್ನಲಿ. ಬೀದಿಯಲ್ಲಿ ಆಗಲೇ ಅನ್ನುತ್ತಿದ್ದಾರೆ. ನಿಮ್ಮ ಕೈಯಲ್ಲಿ ಪಳಗಿದವಳು ಇನ್ನೇನಾಗಿಯಾಳು ಎಂದೂ ಅನ್ನುತ್ತಿದ್ದಾರೆ, ಅದು ಕೇಳಿ ಮಾತ್ರ ಹೊಟ್ಟೆ ತಣ್ಣಗಾಯಿತು.

ಓರಗಿತ್ತಿ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆಂದು ಕೇಳಿದೆ. ಅವಳಿಗೆ ನನ್ನ ನೆನಪು ಹೇಳಿ, ಅವಳದೇನೂ ತಪ್ಪಿಲ್ಲ. ನಿಮ್ಮ ಮಗ ನಿಮ್ಮ ಪಾದಕ್ಕೆ ನಮಸ್ಕಾರ ತಿಳಿಸಿದ್ದಾರೆ. ಊಟ ಬಿಡಬೇಡಿ. ಸಿಟ್ಟಿದ್ದರೆ ನನ್ನ ಮೇಲೆ ಇರಲಿ, ಅನ್ನದ ಮೇಲೆ ಬೇಡ. ಅಂದು ಬಾಗಿಲಲ್ಲಿ ಸುಮ್ಮನೆ ನಿಂತದ್ದಕ್ಕೆ ನನ್ನನ್ನು ಕ್ಷಮಿಸಿ.

ಇಂತಿ,
ಹೊರಗಿನಿಂದ ಬಂದ
ನಿಮ್ಮ ಸೊಸೆ

ತಾ.ಕ.: ಹುಡುಗಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ. ಮುಖ್ಯವಾದದ್ದನ್ನೇ ಈಗ ಹೇಳುತ್ತಿದ್ದಾಳೆ. ಬುಧವಾರ ಯಾರೋ ಅಧಿಕಾರಿ ನಿಮ್ಮ ಹಾಸಿಗೆಯ ಹತ್ತಿರಕ್ಕೇ ಬಂದು ಮನೆ ಮಾರುವ ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತಾರಂತೆ. ಹಾಕಬೇಡಿ ಅತ್ತೆ. ಕೈ ನಡುಗುತ್ತದೆ ಎನ್ನಿ, ಕಣ್ಣು ಕಾಣುವುದಿಲ್ಲ ಎನ್ನಿ, ಏನಾದರೂ ಎನ್ನಿ, ಹಾಕಬೇಡಿ. ಅಷ್ಟು ಕಷ್ಟವೂ ನಿಮಗೆ ಬೇಡ, ನಾವಿಬ್ಬರೂ ಸೋಮವಾರ ಮೊದಲ ಬಸ್ಸಿಗೇ ಬರುತ್ತಿದ್ದೇವೆ. ಭಾವನ ಮನೆಯ ಮೂರು ಮಹಡಿ ಇಳಿಯುವುದು ಹೇಗೆಂದು ಯೋಚಿಸಬೇಡಿ, ನಿಮ್ಮ ಮಗ ಹೊತ್ತು ಇಳಿಸುತ್ತಾರಂತೆ, ಆಗಲೇ ಭುಜ ತಿರುವಿಕೊಳ್ಳುತ್ತಿದ್ದಾರೆ. ನನಗೆ ಬೈಯುವುದಿದ್ದರೆ ದಾರಿಯುದ್ದಕ್ಕೂ ಬೈಯಿರಿ. ಈಗ ಬಟ್ಟೆ ಮಡಚಿಡಿ.